ಎತ್ತಬೇಡ

ಒಂದು ರಿಂಗು: ಮಾರನಹಳ್ಳಿ ದಾಟಿದೆ.
ಎರಡು: ಘಾಟಿ ಇಳಿದೆ, ಗುಂಡ್ಯದಲ್ಲಿ ಚಹಾ.
ಮೂರು: ಗಾಡಿ ಕೆಟ್ಟಿದೆ, ಕಾಯಬೇಡ, ಉಂಡು ಮಲಗು.
ನಾಲ್ಕಕ್ಕೆ ನಾವು ಅರ್ಥ ಇಟ್ಟಿರಲಿಲ್ಲ.
ಅಷ್ಟು ಹೊತ್ತು ಹೊಡೆದುಕೊಂಡರೆ
ಯಾರಾದರೂ ಎತ್ತಿಬಿಟ್ಟಾರು ಎಂಬ ಹೆದರಿಕೆ.

ಅದಕ್ಕೂ ಮುಂಚೆ ಪಕ್ಕದ ಮನೆಯ ಪಿ.ಪಿ. ನಂಬರು.
ಸಂತೆಪೇಟೆಯ ಕೆಂಪು ಡಬ್ಬಿಗೆ ರೂಪಾಯಿ ನುಂಗಿಸಿ
ಕೇಳಬೇಕಿತ್ತು, "ಸ್ವಲ್ಪ ತಾರಾಮಣೀನ ಕರೀತೀರಾ?"
ಅವರು ಗೋಡೆಯಾಚೆಗೆ ಕೂಗಿ, ಅವಳು ಕೈ ಒರೆಸಿಕೊಂಡು ಬಂದು
"ಹಲೋ" ಅನ್ನುವಷ್ಟರಲ್ಲಿ ರೂಪಾಯಿ ತೀರಿರುತ್ತಿತ್ತು.
ಆ ಮನೆಯವರೆಲ್ಲ ಸೀರಿಯಲ್ ನಿಲ್ಲಿಸಿ
ನಮ್ಮ ಮೌನ ಕೇಳುತ್ತಿದ್ದರು.

ಆಮೇಲೆ ಟಾರ್ಚಿದ್ದ ಸೆಟ್ಟು, ಅವಳಿಗೊಂದು, ನನಗೊಂದು.
ಹತ್ತು ರೂಪಾಯಿ ಕರೆನ್ಸಿ ಹಾಕಿಸಿದರೆ
ತೆರಿಗೆ ಕಳೆದು ಏಳು ಚಿಲ್ಲರೆ.
ಆ ಏಳರಲ್ಲಿ ಆರು ತಿಂಗಳು ಮಾತಾಡಿದೆವು,
ಒಂದು ಪೈಸೆಯೂ ಸವೆಯದೆ.
ಕೆಲಸವೆಲ್ಲ ಅವಳದೇ:
ಫೋನು ಅರಚುತ್ತಿರುವಾಗ ಕೈ ಕಟ್ಟಿ ಕೂತು
ಎಣಿಸುವುದು.

ಲಾರಿ ತುಂಬ ಹಾಸನದ ಆಲೂಗಡ್ಡೆ, ಶಿರಾಡಿಯ ತಿರುವು.
ಸಕಲೇಶಪುರ ಬಿಟ್ಟರೆ ಸಿಗ್ನಲ್ಲಿನ ಕಡ್ಡಿಗಳು
ಒಂದೊಂದಾಗಿ ಇಳಿದು ಹೋಗುತ್ತಿದ್ದವು.
ಕಾಡಿನೊಳಗೆ ಜೇಬಿನ ಸೆಟ್ಟು
ಹಿಂದಿರುವ ಗಡ್ಡೆಗಳಷ್ಟೇ ಮೂಕ.

ಒಂದು ಆಷಾಢ, ರಾತ್ರಿ ಎರಡು ಗಂಟೆ.
ಗುಂಡ್ಯದಲ್ಲಿ ನಿಂತು ಒತ್ತಿದೆ. ಒಂದು ರಿಂಗು.
ಎರಡು ಆಗುವ ಮೊದಲೇ ಎತ್ತಿಬಿಟ್ಟಳು!
ಹಲೋ ಅನ್ನಲಿಲ್ಲ. ನಾನೂ ಅನ್ನಲಿಲ್ಲ.
ಗೋಡೆ ಗಡಿಯಾರ ಕೇಳಿಸಿತು, ಅವಳ ಉಸಿರು ಕೇಳಿಸಿತು.
ನಲವತ್ತೆರಡು ಸೆಕೆಂಡು.
ಏಳರಲ್ಲಿ ಎರಡು ಹೋಯಿತು.

ಮನೆಗೆ ಬಂದು ರೇಗಿದೆ: ಎತ್ತಿದ್ದು ಯಾಕೆ?
ಅನ್ನ ಬಡಿಸುತ್ತ ಹೇಳಿದಳು:
"ಕೆಂಪುಹೊಳೆ ಹತ್ರ ಲಾರಿ ಬಿತ್ತು ಅಂದ್ರು.
ರಿಂಗಾದ್ರೆ ಫೋನು ಉಳಿದಿದೆ ಅಂತ ಗೊತ್ತಾಗುತ್ತೆ.
ಒತ್ತಿದ್ದು ನೀನೇ ಅಂತ ಹೇಗೆ ಗೊತ್ತಾಗ್ಬೇಕು?"

ಈಗ ಲೆಕ್ಕವಿಲ್ಲ. ದಿನಕ್ಕೆ ಎರಡು ಜಿಬಿ, ಮಾತು ಪುಕ್ಕಟೆ.
ಪಕ್ಕದಲ್ಲೇ ಕೂತು ನನಗೆ ರೀಲ್ಸ್ ಕಳಿಸುತ್ತಾಳೆ.
ಮಾಲೀಕನ ಮೊಬೈಲಿನಲ್ಲಿ ನಾನೊಂದು ನೀಲಿ ಚುಕ್ಕೆ,
ಉಚ್ಚೆಗೆ ನಿಂತರೂ ಕೇಳುತ್ತಾನೆ, ಯಾಕೆ ನಿಂತೆ?
ಅದೇ ಚುಕ್ಕೆ ಇವಳ ಮೊಬೈಲಿನಲ್ಲೂ.
ಬಂದೆಯಾ ಅಂತ ಕೇಳುವುದಿಲ್ಲ,
ಬಾಗಿಲು ತೆರೆದೇ ಇರುತ್ತದೆ.

ಮಗಳು ಸಿಂಚನ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಎರಡನೇ ವರ್ಷ.
ಸಾಲಗಾಮೆ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ತೋರಿಸಿದಳು,
ಆಕಾಶಕ್ಕೆ ಬಾಯಿ ತೆರೆದ ಆ ಬಿಳೀ ಬೋಗುಣಿಗಳನ್ನು.
"ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿರೋದನ್ನ
ಇಲ್ಲಿಂದ ಕೇಳ್ತಾರಪ್ಪಾ, ಇದೀಯಾ ಅಂತ.
ಅದು ಹೇಳುತ್ತೆ, ಇದೀನಿ."
ಮಿಸ್ ಕಾಲ್ ಅನ್ನು ಮತ್ತೆ, ಅಂದೆ.
ನಕ್ಕಳು. ನಕ್ಕು ಮುಗಿಸಿ ಪಾಠ ಮುಂದುವರಿಸಿದಳು:

ಇನ್ನು ಟವರೇ ಬೇಡವಂತೆ, ಘಾಟಿಯ ಹೊಟ್ಟೆಯಲ್ಲೂ ನಾನು ಸಿಗುತ್ತೇನಂತೆ.
ಆಮೇಲೆ ಫೋನೂ ಬೇಡ, ಕಿವಿಯ ಹಿಂದೆ ಅವರೆಕಾಳಿನಷ್ಟು.
ನೆನೆದರೆ ಸಾಕು, ಮುಟ್ಟುತ್ತದಂತೆ.
ನಾನು ನಿದ್ದೆ ಹೋಗಿದ್ದರೆ ನನ್ನ ದನಿಯಲ್ಲೇ
ಅದೇ ಮಾತಾಡಿ ಮುಗಿಸುತ್ತದಂತೆ:
ಊಟ ಆಯ್ತಾ, ಘಾಟಿ ಇಳಿದೆ, ಬಾಗಿಲು ಹಾಕ್ಕೊ.

ರಾತ್ರಿ ಇದನ್ನೆಲ್ಲ ಅಡುಗೆಮನೆಯಲ್ಲಿ ಒಪ್ಪಿಸಿದೆ.
ತಾರಾಮಣಿ ಒಲೆ ಸಣ್ಣ ಮಾಡಿ
ಇಪ್ಪತ್ತು ವರ್ಷದ ಹಿಂದಿನ ಮುಖದಲ್ಲೇ ಕೇಳಿದಳು:
"ಆಡಿದ್ದು ನೀನೇ ಅಂತ ಹೇಗೆ ಗೊತ್ತಾಗ್ಬೇಕು?"

ಸಿಂಚನಳ ಪುಸ್ತಕದಲ್ಲಿ ಅದಕ್ಕೆ ಪಾಸ್‌ವರ್ಡು, ಬೆರಳಚ್ಚು,
ಕಣ್ಣಿನ ಗುರುತು, ಏನೇನೋ ಇತ್ತು.
ಇವಳಿಗೆ ಯಾವುದೂ ಹಿಡಿಸಲಿಲ್ಲ.

ನಿನ್ನೆ ಗುಂಡ್ಯ. ಚಹಾ ಆರುತ್ತಿತ್ತು.
ಚುಕ್ಕೆ ಹೇಳಿಯೇ ಇರುತ್ತದೆ, ಗೊತ್ತು.
ಆದರೂ ಒತ್ತಿದೆ.
ಎರಡು ರಿಂಗಿಗೆ ಕತ್ತರಿಸಿದೆ.
ಆ ಕಡೆ ಎತ್ತಲಿಲ್ಲ, ತಿರುಗಿ ಮಾಡಲೂ ಇಲ್ಲ.

ಎತ್ತದೆ ಇದ್ದದ್ದು
ಅವಳೇ.